ಸಂಸ್ಕೃತ ಬೆರೆಯದ ‘ಅಚ್ಚಗನ್ನಡ’ ನಿಜಕ್ಕೂ ಇತ್ತೇ? ಇಲ್ಲದ ಕನ್ನಡವೊಂದನ್ನು ಕಟ್ಟುವುದು ಹೇಗೆ?

ಈ ಬಗೆಯ ಫಾರ್ವರ್ಡ್ ನಿಮ್ಮ ಮೊಬೈಲಿಗೂ ಬಂದಿರಬಹುದು:

“ನಾವು ಮಾತಾಡ್ತಿರೋದು ಕನ್ನಡವೇ ಅಲ್ಲ! ನಮ್ಮ ಪೂರ್ವಜರ ಅಚ್ಚಗನ್ನಡ ಇಲ್ಲಿದೆ. ಸಂತೋಷ ಅಲ್ಲ, ನಲಿವು. ಪುಸ್ತಕ ಅಲ್ಲ, ಹೊತ್ತಗೆ. ಆಶ್ಚರ್ಯ ಅಲ್ಲ, ಅಚ್ಚರಿ. ವಿಜ್ಞಾನ ಅಲ್ಲ, ಅರಿಮೆ. ಕಂಪ್ಯೂಟರ್ ಅಲ್ಲ, ಎಣ್ಣುಕ. ಇಂಟರ್ನೆಟ್ ಅಲ್ಲ, ಮಿಂಬಲೆ. ನಿಜವಾದ ಕನ್ನಡಿಗರಾದರೆ ಹತ್ತು ಜನಕ್ಕೆ ಕಳಿಸಿ.”

ನಮ್ಮ ಮನೆಯ ಗ್ರೂಪಿಗೂ ಇಂಥದ್ದೊಂದು ಬಂತು. ಮಾವಳ್ಳಿಯಲ್ಲಿರುವ ದೊಡ್ಡಮ್ಮ ಹಬ್ಬದ ದಿನ ಬೆಳಿಗ್ಗೆ “ಎಲ್ಲರಿಗೂ ಹಬ್ಬದ ಶುಭಾಶಯಗಳು, ಸುಖ ಸಂತೋಷ ಸಿಗಲಿ” ಎಂದು ಬರೆದಿದ್ದರು. ಚಿಕ್ಕಪ್ಪನ ಮಗ ಅದರ ಕೆಳಗೇ ಈ ಪಟ್ಟಿ ಹಾಕಿ “ದೊಡ್ಡಮ್ಮ, ಇದರಲ್ಲಿ ಕನ್ನಡ ಎಷ್ಟಿದೆ ನೋಡಿ” ಎಂದ. ತಮಾಷೆಗೆ ಹೇಳಿದ್ದೇ ಇರಬಹುದು. ಆದರೆ ಆಮೇಲೆ ದೊಡ್ಡಮ್ಮ ಗ್ರೂಪಿನಲ್ಲಿ ಬರೆಯುವುದನ್ನೇ ನಿಲ್ಲಿಸಿದರು. ಕೈ ಮುಗಿದ ಚಿತ್ರ ಒಂದೇ ಬರುತ್ತಿತ್ತು. ಕೇಳಿದರೆ, “ನಾನು ಬರೆಯೋದೆಲ್ಲ ತಪ್ಪಂತಲ್ಲೇ, ಸುಮ್ನೆ ಯಾಕೆ” ಎಂದರು.

ಹಾಗಾಗಿ ಈ ಪಟ್ಟಿಯನ್ನು ಸ್ವಲ್ಪ ಗಂಭೀರವಾಗಿಯೇ ಪರಿಶೀಲಿಸೋಣ.

ಚುಟುಕಾಗಿ ಉತ್ತರ

ಪಟ್ಟಿಯ ಪದಗಳು ಸುಳ್ಳಲ್ಲ. ಅವುಗಳ ಜೊತೆಗಿರುವ ಕಥೆ ಸುಳ್ಳು. ಆ ಆರು ಪದಗಳಲ್ಲಿ ಒಂದು ಹಳೆಯ ಕನ್ನಡದ್ದು. ಎರಡು ಸಂಸ್ಕೃತದಿಂದಲೇ ಬಂದು ರೂಪ ಬದಲಿಸಿಕೊಂಡವು. ಉಳಿದ ಮೂರು ಇಂದಿನ ಬಳಕೆಗಾಗಿ ಇತ್ತೀಚೆಗೆ ಕಟ್ಟಿದವು, ಇಲ್ಲವೇ ಹೊಸ ಅರ್ಥ ಕೊಟ್ಟವು. ಈ ಆರನ್ನೂ ಒಟ್ಟಿಗೆ ಆಡುತ್ತಿದ್ದ ಪೂರ್ವಜರು ಯಾವ ಕಾಲದಲ್ಲೂ ಇರಲಿಲ್ಲ. ಪಟ್ಟಿಯಲ್ಲಿರುವುದು ಕಳೆದುಹೋದ ಭಾಷೆಯಲ್ಲ, ಕಲ್ಪಿಸಿಕೊಂಡ ಭಾಷೆ. ಅಂದಹಾಗೆ, ‘ಪೂರ್ವಜರು’ ಎಂಬುದೂ ಸಂಸ್ಕೃತದ ಪದವೇ.

ಕಲ್ಪಿಸಿಕೊಂಡ ಭಾಷೆ ಎಂದಮಾತ್ರಕ್ಕೆ ಅದು ಕೆಟ್ಟದ್ದು ಎಂದಲ್ಲ. ಭಾಷೆ ಕಟ್ಟುವುದು ಜಗತ್ತಿನಾದ್ಯಂತ ನಡೆಯುವ, ಬಹಳ ಶ್ರಮ ಬೇಡುವ ಕೆಲಸ. ಕನ್ನಡದಲ್ಲಂತೂ ಅದಕ್ಕೆ ಸುಮಾರು 800 ವರ್ಷಗಳ ಹಿಂದಿನ ಉದಾಹರಣೆಯಿದೆ.

‘ಹೀಗಾಗಿದ್ದರೆ?’ ಎಂಬ ಆಟ

ತಾಳಿಕೋಟೆಯಲ್ಲಿ 1565ರಲ್ಲಿ ವಿಜಯನಗರ ಗೆದ್ದಿದ್ದರೆ? 1799ರಲ್ಲಿ ಶ್ರೀರಂಗಪಟ್ಟಣ ಬೀಳದಿದ್ದರೆ? ಹೀಗೆ ಇತಿಹಾಸದ ಒಂದು ತಿರುವನ್ನು ಬದಲಿಸಿ ಮುಂದೇನಾಗುತ್ತಿತ್ತು ಎಂದು ಕಲ್ಪಿಸುವ ಬರವಣಿಗೆಗೆ ಪರ್ಯಾಯ ಇತಿಹಾಸ ಎನ್ನುತ್ತಾರೆ. ಅಂಥ ಲೋಕದ ಜನ ಏನಾದರೂ ಮಾತಾಡಬೇಕಲ್ಲ? ಶ್ರೀರಂಗಪಟ್ಟಣ ಬೀಳದ ಲೋಕದ ಬೆಂಗಳೂರಿನಲ್ಲಿ ‘ಕ್ರಾಸ್’, ‘ಮೇನ್’ ಎಂಬ ಇಂಗ್ಲಿಷ್ ಪದಗಳ ಜಾಗದಲ್ಲಿ ಫ್ರೆಂಚ್ ಪದಗಳಿರುತ್ತಿದ್ದವೇನೋ. ಆ ಮಾತನ್ನು ರೂಪಿಸಲು ಕೆಲವರು ಇಡೀ ಭಾಷೆಯನ್ನೇ ಕಟ್ಟುತ್ತಾರೆ.

ಇದರಲ್ಲಿ ಹೆಸರಾದದ್ದು ಬ್ರಿಥೆನಿಗ್. ನ್ಯೂಜಿಲೆಂಡಿನ ಆಂಡ್ರ್ಯೂ ಸ್ಮಿತ್ 1996ರಲ್ಲಿ ಇದನ್ನು ಶುರುಮಾಡಿದರು. ಅವರ ಪ್ರಶ್ನೆ ಸರಳ: ರೋಮನ್ನರ ಲ್ಯಾಟಿನ್ ಬ್ರಿಟನ್ನಿನ ಜನರ ಮನೆಮಾತಾಗಿ ಉಳಿದಿದ್ದರೆ ಇಂದು ಹೇಗಿರುತ್ತಿತ್ತು? ವೆಲ್ಶ್ ಭಾಷೆಯಲ್ಲಿ ಶತಮಾನಗಳ ಉದ್ದಕ್ಕೂ ಧ್ವನಿಗಳು ಹೇಗೆ ಬದಲಾದವೋ ಅದೇ ನಿಯಮಗಳನ್ನು ಅವರು ಲ್ಯಾಟಿನ್ ಪದಗಳಿಗೆ ಹಚ್ಚಿದರು. ಮನಸ್ಸಿಗೆ ಬಂದ ಪದಗಳನ್ನು ಹಾಕಲಿಲ್ಲ. ಪದಗಳನ್ನು ನಿಯಮಗಳೇ ಹುಟ್ಟಿಸಿದವು.

ನಮ್ಮ ಫಾರ್ವರ್ಡಿಗೆ ಇನ್ನೂ ಹತ್ತಿರದ್ದು ಇಂಗ್ಲಿಷಿನಲ್ಲಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಇಂಗ್ಲಿಷಿಗೆ ಫ್ರೆಂಚ್ ಪದಗಳು ಧಾರಾಳವಾಗಿ ಬಂದವು. ಆ ಯುದ್ಧಕ್ಕೆ 900 ವರ್ಷ ತುಂಬಿದ 1966ರಲ್ಲಿ ಪಾಲ್ ಜೆನಿಂಗ್ಸ್ ಎಂಬ ಹಾಸ್ಯ ಲೇಖಕರು ‘ಪಂಚ್’ ಪತ್ರಿಕೆಯಲ್ಲಿ ಫ್ರೆಂಚ್ ಬೆರೆಯದ ಇಂಗ್ಲಿಷನ್ನು ಬರೆದು ತೋರಿಸಿದರು. 1989ರಲ್ಲಿ ಪೌಲ್ ಆಂಡರ್ಸನ್ ಅಣು ಸಿದ್ಧಾಂತವನ್ನೇ ಅಂಥ ಇಂಗ್ಲಿಷಿನಲ್ಲಿ ವಿವರಿಸುವ ಲೇಖನ ಬರೆದರು. ಇಬ್ಬರೂ ಅದು ಆಟ ಎಂದು ತಿಳಿದೇ ಆಡಿದವರು. “ನಮ್ಮ ತಾತಂದಿರು ಹೀಗೇ ಮಾತಾಡುತ್ತಿದ್ದರು” ಎಂದು ಯಾರಿಗೂ ಹೇಳಲಿಲ್ಲ.

ಕನ್ನಡದಲ್ಲಿ ಈ ಆಟವನ್ನು ಆಗಲೇ ಆಡಿದ್ದ ಅಂಡಯ್ಯ

ಕನ್ನಡದಲ್ಲಿ ಸಂಸ್ಕೃತ ಎಷ್ಟಿರಬೇಕು ಎಂಬ ಜಗಳ ವಾಟ್ಸ್‌ಆ್ಯಪ್ ಕಾಲದ್ದಲ್ಲ. ಕ್ರಿ.ಶ. 850ರ ಸುಮಾರಿನ ‘ಕವಿರಾಜಮಾರ್ಗ’ದಲ್ಲೇ ಇದರ ಚರ್ಚೆಯಿದೆ. ಕನ್ನಡ ಪದವನ್ನೂ ಸಂಸ್ಕೃತ ಪದವನ್ನೂ ತಿಳಿಯದೆ ಸಮಾಸದಲ್ಲಿ ಸೇರಿಸುವುದು ಕಾಯುವ ಹಾಲಿಗೆ ಮಜ್ಜಿಗೆ ಹನಿಸಿದಂತೆ ಎಂಬ ಅರ್ಥದ ಎಚ್ಚರಿಕೆ ಅಲ್ಲಿದೆ. 1112ರಲ್ಲಿ ‘ಧರ್ಮಾಮೃತ’ ಬರೆದ ನಯಸೇನ ಇನ್ನೂ ಖಡಕ್ಕಾಗಿ, ಇವೆರಡನ್ನು ಬೆರೆಸುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದ. ಸ್ವಾರಸ್ಯವೆಂದರೆ, ಅದನ್ನು ಹೇಳುವ ಪದ್ಯದಲ್ಲಿ ತುಪ್ಪಕ್ಕೂ ಎಣ್ಣೆಗೂ ಆತ ಬಳಸಿದ್ದು ಸಂಸ್ಕೃತದ ಪದಗಳನ್ನೇ.

ಮಾತನ್ನು ಮಾಡಿ ತೋರಿಸಿದವನು 13ನೇ ಶತಮಾನದ ಜೈನ ಕವಿ ಅಂಡಯ್ಯ. ಸಂಸ್ಕೃತದ ಪದಗಳನ್ನು ಇದ್ದ ಹಾಗೇ ಎಲ್ಲೂ ಬಳಸದೆ ಆತ ಇಡೀ ಕಾವ್ಯವನ್ನು ಬರೆದ. ಹೆಸರು ‘ಕಬ್ಬಿಗರ ಕಾವ’, ಅಂದರೆ ಕವಿಗಳನ್ನು ಕಾಯುವವನು.

ಕಥೆಯೂ ಒಂದು ‘ಹೀಗಾಗಿದ್ದರೆ?’ ಕಥೆಯೇ. ನಮಗೆ ಗೊತ್ತಿರುವ ಪುರಾಣದಲ್ಲಿ ಶಿವ ಕಾಮನನ್ನು ಸುಟ್ಟು ಬೂದಿ ಮಾಡುತ್ತಾನೆ. ಅಂಡಯ್ಯನ ಕಾವ್ಯದಲ್ಲಿ ಶಿವ ಚಂದ್ರನನ್ನು ಕದ್ದಿದ್ದಾನೆ. ಸಿಟ್ಟಾದ ಕಾಮ ಯುದ್ಧಕ್ಕೆ ಹೋಗಿ ಬಾಣ ಬಿಟ್ಟು ಶಿವನನ್ನೇ ಅರ್ಧನಾರಿಯಾಗಿಸುತ್ತಾನೆ. ಕಥೆ ತಿರುಗಿಬಿದ್ದಂತೆ ಭಾಷೆಯೂ ತಿರುಗಿಬಿದ್ದಿದೆ.

ಇಲ್ಲಿ ಫಾರ್ವರ್ಡ್‌ಗಳು ಬಿಟ್ಟುಬಿಡುವ ಒಂದು ಮುಖ್ಯ ಸಂಗತಿಯಿದೆ. ಅಂಡಯ್ಯ ಸಂಸ್ಕೃತ ಮೂಲದ ಪದಗಳನ್ನೆಲ್ಲ ಹೊರಗಿಡಲಿಲ್ಲ. ಇದ್ದ ರೂಪದಲ್ಲೇ ಬಂದ ಪದಗಳನ್ನು, ಅಂದರೆ ತತ್ಸಮಗಳನ್ನು, ಮಾತ್ರ ಬಿಟ್ಟ. ಕನ್ನಡದ ಬಾಯಲ್ಲಿ ಸವೆದು ರೂಪ ಬದಲಿಸಿಕೊಂಡ ತದ್ಭವಗಳನ್ನು ಧಾರಾಳವಾಗಿ ಬಳಸಿದ. ಕಾವ್ಯದ ಹೆಸರನ್ನೇ ನೋಡಿ. ಸಂಸ್ಕೃತದ ‘ಕಾವ್ಯ’ ಕನ್ನಡದಲ್ಲಿ ‘ಕಬ್ಬ’ ಆಯಿತು, ಕಬ್ಬ ಬರೆಯುವವನು ‘ಕಬ್ಬಿಗ’ ಆದ. ‘ಅಚ್ಚಗನ್ನಡ’ದ ಅತಿ ಪ್ರಸಿದ್ಧ ಪುಸ್ತಕದ ಮೊದಲ ಪದದ ಬೇರು ಸಂಸ್ಕೃತದಲ್ಲಿದೆ. ಅಂಡಯ್ಯನ ದೃಷ್ಟಿಯಲ್ಲಿ ಅದರಲ್ಲೇನೂ ತಪ್ಪಿಲ್ಲ. ಕನ್ನಡದ ಬಾಯಿಗೆ ಒಗ್ಗಿದ ಮೇಲೆ ಅದು ಕನ್ನಡವೇ.

ಪದವನ್ನು ಕನ್ನಡ ಮಾಡುವ ಯಂತ್ರ

ಈ ಒಗ್ಗಿಸಿಕೊಳ್ಳುವ ಕೆಲಸ ಬೇಕಾಬಿಟ್ಟಿ ನಡೆಯುವುದಿಲ್ಲ. ಅದೇ 13ನೇ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ ಎಂಬ ವ್ಯಾಕರಣದಲ್ಲಿ ‘ಅಪಭ್ರಂಶ ಪ್ರಕರಣ’ ಎಂಬ ಅಧ್ಯಾಯವನ್ನೇ ಇದಕ್ಕೆ ಮೀಸಲಿಟ್ಟ. ಮುಖ್ಯ ನಿಯಮಗಳನ್ನು ನಮಗೆ ಗೊತ್ತಿರುವ ಪದಗಳಲ್ಲೇ ನೋಡಬಹುದು.

ಪದದ ಮೊದಲ ವ, ಬ ಆಗುತ್ತದೆ: ವರ್ಣ – ಬಣ್ಣ, ವೀಥಿ – ಬೀದಿ, ವಿದ್ಯೆ – ಬಿಜ್ಜೆ.

ಪದದ ಮೊದಲ ಯ, ಜ ಆಗುತ್ತದೆ: ಯೌವನ – ಜವ್ವನ, ಯಮ – ಜವ.

ಶ, ಷ ಎರಡೂ ಸ ಆಗುತ್ತವೆ: ಶ್ರೀ – ಸಿರಿ, ಭಾಷೆ – ಬಾಸೆ.

ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ: ಧ್ವನಿ – ದನಿ, ಮುಖ – ಮೊಗ.

ನಾಲಿಗೆ ತೊಡರುವ ಒತ್ತಕ್ಷರ ಸಡಿಲವಾಗುತ್ತದೆ ಅಥವಾ ಇಮ್ಮಡಿಯಾಗುತ್ತದೆ: ರತ್ನ – ರನ್ನ, ನಿದ್ರೆ – ನಿದ್ದೆ, ಸ್ನೇಹ – ನೇಹ.

ಈ ಯಂತ್ರ ಇವತ್ತಿಗೂ ನಿಂತಿಲ್ಲ. ಇಂಗ್ಲಿಷಿನ ‘ಬಸ್’ ಕನ್ನಡಕ್ಕೆ ಬಂದು ‘ಬಸ್ಸು’ ಆಯಿತು, ‘ರೋಡ್’ ‘ರೋಡು’ ಆಯಿತು, ಎಷ್ಟೋ ಜನರ ಬಾಯಲ್ಲಿ ‘ಸ್ಕೂಲ್’ ‘ಇಸ್ಕೂಲು’ ಆಯಿತು. ‘ಸಹಸ್ರ’ವನ್ನು ‘ಸಾವಿರ’ ಮಾಡಿದ್ದೂ ‘ಬಸ್’ ಅನ್ನು ‘ಬಸ್ಸು’ ಮಾಡಿದ್ದೂ ಬೇರೆ ಬೇರೆ ಕಾಲದ ಕನ್ನಡಿಗರು. ಹೊರಗಿನ ಪದವನ್ನು ತನ್ನ ನಾಲಿಗೆಗೆ ಹೊಂದಿಸಿಕೊಳ್ಳುವ ಗುಣ ಮಾತ್ರ ಒಂದೇ.

ಈಗ ನಾವೇ ಒಂದು ಕನ್ನಡ ಕಟ್ಟೋಣ

ನೀವು ಕಥೆಯನ್ನೋ ಆಟವನ್ನೋ ಬರೆಯುತ್ತಿದ್ದೀರಿ, ಅದಕ್ಕೆ ‘ಇನ್ನೊಂದು ಇತಿಹಾಸದ ಕನ್ನಡ’ ಬೇಕು ಎಂದಿಟ್ಟುಕೊಳ್ಳಿ. ಹೆಜ್ಜೆಗಳು ಇವು.

1. ಕವಲು ಎಲ್ಲಿ ಎಂದು ಮೊದಲು ನಿರ್ಧರಿಸಿ.

“ಸಂಸ್ಕೃತ ಬೆರೆಯದ ಕನ್ನಡ” ಎನ್ನುವುದರಲ್ಲಿ ಎರಡು ಬೇರೆ ಬೇರೆ ಲೋಕಗಳಿವೆ. ಮೊದಲನೆಯದರಲ್ಲಿ ಸಂಸ್ಕೃತ, ಪ್ರಾಕೃತ ಎರಡೂ ಈ ನೆಲಕ್ಕೆ ಬರಲೇ ಇಲ್ಲ. ಎರಡನೆಯದು ಅಂಡಯ್ಯನ ಲೋಕ. ಅಲ್ಲಿ ಸಂಸ್ಕೃತ ಬಂತು, ಆದರೆ ಕನ್ನಡದ ಬಾಯಲ್ಲಿ ಸವೆಯದೆ ಯಾವ ಪದಕ್ಕೂ ಒಳಗೆ ಜಾಗವಿಲ್ಲ.

ಮೊದಲನೆಯ ಲೋಕ ಬಹಳ ಕಷ್ಟದ್ದು. ಬರಹದಿಂದಲೇ ತೊಂದರೆ ಶುರುವಾಗುತ್ತದೆ. ಕನ್ನಡ ಲಿಪಿ ಬ್ರಾಹ್ಮಿಯಿಂದ ಬೆಳೆದದ್ದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ರಾಯಚೂರು ಜಿಲ್ಲೆಯ ಮಸ್ಕಿಯಂಥ ಕಡೆಗಳಲ್ಲಿರುವ ಅಶೋಕನ ಶಾಸನಗಳು ಬ್ರಾಹ್ಮಿ ಲಿಪಿಯ ಪ್ರಾಕೃತದಲ್ಲಿವೆ. ಪ್ರಾಕೃತ ಬರಲಿಲ್ಲ ಎಂದರೆ ಆ ಲಿಪಿಯೂ ಬರುತ್ತಿರಲಿಲ್ಲ. ಮಕ್ಕಳಿಗೆ ಕಲಿಸುವ ಕ ಖ ಗ ಘ ಎಂಬ ವರ್ಣಮಾಲೆಯ ಜೋಡಣೆಯೂ ಇರುತ್ತಿರಲಿಲ್ಲ. ಒಂದು ಪದ ತೆಗೆಯಲು ಹೋಗಿ ಅಕ್ಷರವನ್ನೇ ಕಳೆದುಕೊಂಡಿರಿ.

2. ಸಾಕ್ಷಿ ಎಲ್ಲಿಯವರೆಗಿದೆ ನೋಡಿ.

ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನ ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕಿದ ಈ 16 ಸಾಲಿನ ಬರಹದಲ್ಲಿ ಸಂಸ್ಕೃತ ಪದಗಳು ತುಂಬಿವೆ. ಬರಹದಲ್ಲಿ ಕನ್ನಡ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೇ ಅದು ಬೆರೆತ ಭಾಷೆ. ಅದಕ್ಕೂ ಹಿಂದಿನ ಕನ್ನಡವನ್ನು ತಮಿಳು, ತೆಲುಗು, ತುಳು ಮುಂತಾದ ಸೋದರ ಭಾಷೆಗಳ ಜೊತೆ ಹೋಲಿಸಿ ಊಹಿಸಬೇಕು. ಬರೋ ಮತ್ತು ಎಮಿನೋ ಅವರು 1961ರಲ್ಲಿ ಹೊರತಂದ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ನಿಘಂಟು ಈ ಹೋಲಿಕೆಗೆ ದೊಡ್ಡ ಆಸರೆ.

3. ‘ಮೂಲ ರೂಪ’ ಎಂಬ ಒಂದೇ ರೂಪ ಇಲ್ಲ ಎಂದು ನೆನಪಿಡಿ.

ಸಂಸ್ಕೃತವನ್ನು ಪಕ್ಕಕ್ಕಿಟ್ಟರೂ ಕನ್ನಡ ತಾನೇ ತಾನಾಗಿ ಬದಲಾಗುತ್ತಿತ್ತು. ‘ಹಾಲು’ ಹಿಂದೆ ‘ಪಾಲ್’, ‘ಹುಲಿ’ ಹಿಂದೆ ‘ಪುಲಿ’, ‘ಹಳ್ಳಿ’ ಹಿಂದೆ ‘ಪಳ್ಳಿ’. ನಿಮ್ಮ ಕಥೆ ನಡೆಯುವುದು 900ರಲ್ಲೋ 2020ರಲ್ಲೋ ಎಂಬುದರ ಮೇಲೆ ರೂಪವೂ ಬದಲಾಗಬೇಕು. ‘ಪಾಲ್’ ಮತ್ತು ‘ಮಿಂಬಲೆ’ಯನ್ನು ಒಂದೇ ವಾಕ್ಯದಲ್ಲಿ ತಂದರೆ ಕಟ್ಟಡ ಕುಸಿಯುತ್ತದೆ.

4. ಇಲ್ಲದ ಪದವನ್ನು ಇರುವ ಬೇರಿನಿಂದ ಕಟ್ಟಿ.

‘ಎಣ್ಣು’ ಎಂದರೆ ಲೆಕ್ಕ ಹಾಕು, ಅದರಿಂದ ‘ಎಣ್ಣುಕ’. ಮಿಂಚು, ಬಲೆ ಸೇರಿ ‘ಮಿಂಬಲೆ’. ‘ಅರಿ’ಗೆ ‘ಮೆ’ ಸೇರಿ ‘ಅರಿಮೆ’. ಹಿರಿಮೆ, ತಾಳ್ಮೆ ಇರುವುದರಿಂದ ಇದು ಕನ್ನಡದ ಕಿವಿಗೆ ಹೊಂದುತ್ತದೆ. ಹೊಸ ಪದ ಹಳೆಯ ಅಚ್ಚಿನಲ್ಲಿ ಕೂರಬೇಕು.

ಪ್ರತ್ಯಯಗಳ ವಿಷಯದಲ್ಲಿ ಮಾತ್ರ ಹುಷಾರು. ‘ಹೂಗಾರ’ ಅಪ್ಪಟ ಕನ್ನಡದಂತೆ ಕೇಳಿಸುತ್ತದೆ. ಹೂ ಕನ್ನಡದ್ದು ಹೌದು, ಆದರೆ ‘ಗಾರ’ ಬಂದದ್ದು ಸಂಸ್ಕೃತದ ‘ಕಾರ’ದಿಂದ. ‘ಪಾಲುದಾರ’ದಲ್ಲಿ ಪಾಲು ಕನ್ನಡ, ‘ದಾರ’ ಪಾರ್ಸಿ.

5. ವಾಕ್ಯದಲ್ಲಿಟ್ಟು ಪರೀಕ್ಷಿಸಿ.

ನಮ್ಮ ಕನ್ನಡ: ನಿನ್ನೆ ಸಂಜೆ ವಿಜ್ಞಾನದ ಪುಸ್ತಕ ಓದಿ ಸಂತೋಷವಾಯಿತು.

ಅಂಡಯ್ಯನ ನಿಯಮ ಹಚ್ಚಿದ ಇಂದಿನ ಕನ್ನಡ: ನಿನ್ನೆ ಸಂಜೆ ಬಿನ್ನಣದ ಹೊತ್ತಗೆ ಓದಿ ನಲಿವಾಯಿತು.

ಸಂಸ್ಕೃತವೇ ಬಾರದ ಲೋಕದ ಕನ್ನಡ: ನಿನ್ನೆ ಬೈಗು ಅರಿಮೆಯ ಓಲೆಕಟ್ಟು ಓದಿ ನಲಿವಾಯಿತು.

ಎರಡನೆಯ ಸಾಲಿನ ‘ಬಿನ್ನಣ’ ‘ವಿಜ್ಞಾನ’ದ ತದ್ಭವ. ಹಳಗನ್ನಡದಲ್ಲಿ ಅದಕ್ಕೆ ಕೌಶಲ, ಜಾಣ್ಮೆ ಎಂಬ ಅರ್ಥವಿತ್ತು. ‘ಸಂಜೆ’ ‘ಸಂಧ್ಯಾ’ದಿಂದ ಬಂದದ್ದು. ಅದಕ್ಕೇ ಮೂರನೆಯ ಸಾಲಿನಲ್ಲಿ ಅದನ್ನು ಬಿಟ್ಟು ‘ಬೈಗು’ ಹಾಕಬೇಕಾಯಿತು. ‘ಓಲೆಕಟ್ಟು’ ನಾನು ಈಗಷ್ಟೇ ಕಟ್ಟಿದ ಪದ. ನಾಳೆ ಯಾವುದಾದರೂ ಪಟ್ಟಿಯಲ್ಲಿ “ಪೂರ್ವಜರ ಪದ” ಎಂದು ಕಾಣಿಸಿಕೊಂಡರೆ ನಂಬಬೇಡಿ!

ಮೂರೂ ಸಾಲುಗಳಲ್ಲಿ ಬದಲಾಗದೆ ಉಳಿದದ್ದು ಏನು ನೋಡಿ: ನಿನ್ನೆ, ಓದಿ, ಆಯಿತು, ಮತ್ತು ಪದಗಳನ್ನು ಬೆಸೆಯುವ ಪ್ರತ್ಯಯ. ಇದಕ್ಕೆ ಮತ್ತೆ ಬರೋಣ.

ಹಾಗಾದರೆ ಪಟ್ಟಿಯ ಪದಗಳ ಕಥೆ ಏನು?

ನಲಿವು: ಹಳೆಯ ಕನ್ನಡದ ಪದವೇ. ಪಟ್ಟಿ ಇಲ್ಲಿ ಸರಿ.

ಹೊತ್ತಗೆ: ‘ಪುಸ್ತಕ’ವೇ ಸವೆದು ‘ಪೊತ್ತಗೆ’, ಆಮೇಲೆ ‘ಹೊತ್ತಗೆ’ ಆಯಿತು. ಪಟ್ಟಿ ಹೇಳುತ್ತಿರುವುದು “ಪುಸ್ತಕ ಅಲ್ಲ, ಪುಸ್ತಕ” ಎಂದು! ಇನ್ನೂ ಒಂದು ತಮಾಷೆ: ‘ಪುಸ್ತಕ’ ಎಂಬುದು ಸಂಸ್ಕೃತಕ್ಕೂ ಇರಾನಿನ ಕಡೆಯ ಭಾಷೆಯಿಂದ ಬಂದಿರಬೇಕು ಎಂದು ಹಲವು ಭಾಷಾತಜ್ಞರು ಹೇಳುತ್ತಾರೆ.

ಅಚ್ಚರಿ: ‘ಆಶ್ಚರ್ಯ’ದ ತದ್ಭವ.

ಅರಿಮೆ, ಎಣ್ಣುಕ, ಮಿಂಬಲೆ: ಬೇರುಗಳು ಹಳೆಯವು, ಈ ಅರ್ಥಗಳು ಹೊಸವು. ಇಂಟರ್ನೆಟ್ ಇಲ್ಲದ ಕಾಲದಲ್ಲಿ ಇಂಟರ್ನೆಟ್ಟಿಗೆ ಪದ ಇರಲು ಸಾಧ್ಯವಿಲ್ಲವಲ್ಲ.

ಈ ಹೊಸ ಪದಗಳ ಹಿಂದೆ ನಿಜವಾದ, ಗಂಭೀರವಾದ ಒಂದು ವಾದವಿದೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ ಅವರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’, ‘ಕನ್ನಡ ಬರಹವನ್ನು ಸರಿಪಡಿಸೋಣ!’ ಮುಂತಾದ ಪುಸ್ತಕಗಳಲ್ಲಿ ಇದನ್ನು ಮಂಡಿಸಿದ್ದಾರೆ. ಹೆಚ್ಚಿನ ಕನ್ನಡಿಗರು ಮಾತಿನಲ್ಲಿ ಮಹಾಪ್ರಾಣವನ್ನು ಉಚ್ಚರಿಸುವುದಿಲ್ಲ, ಹಾಗಿರುವಾಗ ಬರಹದಲ್ಲಿ ಅದನ್ನು ಕಡ್ಡಾಯ ಮಾಡಿ ಮಕ್ಕಳಿಗೂ ಹೊಸದಾಗಿ ಓದು ಕಲಿಯುವವರಿಗೂ ಯಾಕೆ ಕಷ್ಟ ಕೊಡಬೇಕು ಎಂಬುದು ಅವರ ಪ್ರಶ್ನೆ. ಕನ್ನಡದ್ದೇ ಬೇರುಗಳಿಂದ ಪದ ಕಟ್ಟಿದರೆ ಅರ್ಥ ಸುಲಭವಾಗುತ್ತದೆ ಎಂಬುದು ಅವರ ನಿಲುವು. ‘ಹೊನಲು’ ಎಂಬ ತಾಣದಲ್ಲಿ ಈ ಬಗೆಯ ಬರಹಗಳು ಬರುತ್ತವೆ. ಇದನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಆದರೆ ಅದು ನಾಳೆಯ ಕನ್ನಡ ಹೇಗಿರಬೇಕು ಎಂಬ ವಾದ. ಫಾರ್ವರ್ಡ್ ಅದನ್ನೇ ಎತ್ತಿ ನಿನ್ನೆಯ ಕನ್ನಡ ಎಂದು ಮಾರುತ್ತಿದೆ. ಜೊತೆಗೆ, ಓದುವವರಿಗೆ ಸುಲಭವಾಗಲಿ ಎಂದು ಹುಟ್ಟಿದ ಪದಗಳನ್ನು ಬರೆಯುವವರನ್ನು ನಾಚಿಸಲು ಬಳಸುತ್ತಿದೆ.

ಕಟ್ಟಿದ ಪದ ಬದುಕುತ್ತದೆಯೇ?

ಬದುಕುತ್ತದೆ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಆರಂಭಿಸಿದ ರೇಡಿಯೋ ಕೇಂದ್ರಕ್ಕೆ ಬಂದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ ರೇಡಿಯೋಗೇ ಹೆಸರಾಯಿತು. ‘ಜಾಲತಾಣ’ ಎಂದರೆ ಇಂದು ಯಾರೂ ತಡವರಿಸುವುದಿಲ್ಲ.

ದೊಡ್ಡ ಪ್ರಮಾಣದಲ್ಲಿ ಇದನ್ನು ಮಾಡಿದ ದೇಶ ಟರ್ಕಿ. 1932ರಲ್ಲಿ ಭಾಷಾ ಸಂಸ್ಥೆಯೊಂದನ್ನು ಕಟ್ಟಿ, ಅರಬ್ಬಿ ಮತ್ತು ಪಾರ್ಸಿ ಪದಗಳನ್ನು ತೆಗೆದು ಟರ್ಕಿಶ್ ಪದಗಳನ್ನು ತರಲು ಸರ್ಕಾರವೇ ಮುಂದಾಯಿತು. ಕಂಪ್ಯೂಟರಿಗೆ ಅವರು ಕಟ್ಟಿದ ‘ಬಿಲ್ಗಿಸಾಯರ್’ ನಮ್ಮ ಎಣ್ಣುಕದ ಅಣ್ಣನಂತಿದೆ. ಅಲ್ಲಿ ಅದು ಮನೆಮಾತು. ಇದಕ್ಕೆ ತೆತ್ತ ಬೆಲೆಯೂ ದೊಡ್ಡದು. ದೇಶದ ನಾಯಕ ಅತಾತುರ್ಕ್ 1927ರಲ್ಲಿ ಮಾಡಿದ ಪ್ರಸಿದ್ಧ ಭಾಷಣವನ್ನು ಮುಂದಿನ ತಲೆಮಾರುಗಳಿಗಾಗಿ ಹೊಸ ಟರ್ಕಿಶ್‌ಗೆ ಅನುವಾದಿಸಬೇಕಾಯಿತು. ಮೊಮ್ಮಕ್ಕಳಿಗೆ ಅಜ್ಜಂದಿರ ಬರಹ ಅರ್ಥವಾಗದಾಯಿತು. ಹೊಸ ಪದ ಸೇರಿಸುವುದು ಬೇರೆ, ಬಳಕೆಯಲ್ಲಿರುವ ಪದವನ್ನು ನಿಷೇಧಿಸುವುದು ಬೇರೆ.

ಕಥೆಗಾಗಿ ಕಟ್ಟಿದ ಭಾಷೆಗೆ ಇಷ್ಟು ಹೊರೆಯಿಲ್ಲ. 2015ರ ‘ಬಾಹುಬಲಿ’ಯಲ್ಲಿ ಕಾಲಕೇಯರು ಆಡುವ ಕಿಲಿಕಿ ಭಾಷೆಯನ್ನು ತಮಿಳಿನ ಗೀತರಚನಕಾರ ಮದನ್ ಕಾರ್ಕಿ ಕಟ್ಟಿದರು. ಸಿನಿಮಾ ನೋಡಿ ಬಂದ ಮಕ್ಕಳು ಅದನ್ನು ಬೀದಿಯಲ್ಲಿ ಅನುಕರಿಸಿದರು. ಅದನ್ನು ಯಾರೂ ಯಾರ ಮೇಲೂ ಹೇರಲಿಲ್ಲ.

ಮಹಾಪ್ರಾಣ ಇಲ್ಲದಿದ್ದರೆ ಅದು ಕನ್ನಡದ ಪದವೇ?

ಇನ್ನೊಂದು ಫಾರ್ವರ್ಡ್ ಇದನ್ನೇ ‘ಸುಲಭ ಪರೀಕ್ಷೆ’ ಎನ್ನುತ್ತದೆ. ಅರ್ಧ ನಿಜ. ಪದದಲ್ಲಿ ಖ, ಘ, ಧ, ಭ ಇದ್ದರೆ ಅದು ಬಹುತೇಕ ಹೊರಗಿನಿಂದ ಬಂದದ್ದು. ಆದರೆ ಮಹಾಪ್ರಾಣ ಇಲ್ಲದ ಪದವೆಲ್ಲ ಕನ್ನಡ ಮೂಲದ್ದಲ್ಲ. ಬಣ್ಣ, ಸಂಜೆ, ನಿದ್ದೆ, ಹಬ್ಬ, ಸಾವಿರ ಸಂಸ್ಕೃತದ ಕಡೆಯಿಂದ ಬಂದವು. ಅರ್ಜಿ, ಖರ್ಚು, ಕಚೇರಿ ಪಾರ್ಸಿ-ಉರ್ದು ದಾರಿಯಲ್ಲಿ ಬಂದವು, ಇವುಗಳಲ್ಲಿ ಒಂದರಲ್ಲಿ ಮಾತ್ರ ಮಹಾಪ್ರಾಣವಿದೆ. ಚಾವಿ, ಅನಾನಸು, ಪಗಾರ ಪೋರ್ಚುಗೀಸರ ಕೊಡುಗೆ.

ಪದಗಳ ಸಾಗಾಟ ಒಂದೇ ದಿಕ್ಕಿನಲ್ಲೂ ನಡೆಯಲಿಲ್ಲ. ‘ನೀರ’, ‘ಮೀನ’ದಂಥ 여ಪದಗಳು ದ್ರಾವಿಡ ಭಾಷೆಗಳಿಂದ ಸಂಸ್ಕೃತಕ್ಕೆ ಹೋದವು ಎಂಬುದು ಬಹಳಷ್ಟು ವಿದ್ವಾಂಸರ ಅಭಿಪ್ರಾಯ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ನಿಘಂಟಿನ ಪೀಠಿಕೆಯಲ್ಲಿ ಕಿಟೆಲ್ ಅಂಥ ಪದಗಳ ಉದ್ದದ ಪಟ್ಟಿಯನ್ನೇ ಕೊಟ್ಟಿದ್ದಾರೆ.

ಮಾವಳ್ಳಿಯಿಂದ ಲಾಲ್‌ಬಾಗಿನವರೆಗೆ

ದೊಡ್ಡಮ್ಮ ಬೆಳಿಗ್ಗೆ ವಾಕಿಂಗ್ ಹೋಗುವ ದಾರಿಯನ್ನೇ ತೆಗೆದುಕೊಳ್ಳಿ. ‘ದಾರಿ’ ದ್ರಾವಿಡ ಮೂಲದ್ದು. ಅವರ ಮನೆಯ ‘ಬೀದಿ’ ಸಂಸ್ಕೃತದ ವೀಥಿ. ಅದು ಸೇರುವ ‘ರಸ್ತೆ’ ಪಾರ್ಸಿ. ಪಕ್ಕದ ‘ಕ್ರಾಸು’ ಇಂಗ್ಲಿಷ್. ಹೈದರಾಲಿ 1760ರಲ್ಲಿ ಹಾಕಿಸಲು ಆರಂಭಿಸಿದ ‘ಲಾಲ್‌ಬಾಗ್’ ಪಾರ್ಸಿ-ಉರ್ದು. ಆಚೆಯ ‘ಬಸವನಗುಡಿ’ಯಲ್ಲಿ ಬಸವ ‘ವೃಷಭ’ದ ತದ್ಭವ, ಗುಡಿ ಕನ್ನಡ. 1924ರಿಂದ ಇರುವ ‘ಮಾವಳ್ಳಿ ಟಿಫಿನ್ ರೂಮ್ಸ್’ ಬೋರ್ಡಿನಲ್ಲಿ ಒಂದು ಹಳ್ಳಿಯ ಹೆಸರೂ ಎರಡು ಇಂಗ್ಲಿಷ್ ಪದಗಳೂ ಒಟ್ಟಿಗೆ ಕೂತಿವೆ. ಅರ್ಧ ಗಂಟೆಯ ನಡಿಗೆಯಲ್ಲಿ ನಾಲ್ಕು ಭಾಷೆಗಳು. ಇವುಗಳಲ್ಲಿ ಯಾವುದನ್ನು ‘ಕನ್ನಡ ಅಲ್ಲ’ ಎಂದು ಕಿತ್ತರೂ ದೊಡ್ಡಮ್ಮ ಮನೆಗೆ ವಾಪಸು ಬರಲಾರರು.

ಈಗ ಅವರ ಹಬ್ಬದ ಸಂದೇಶಕ್ಕೆ ಬರೋಣ. ‘ಎಲ್ಲರಿಗೂ’ ಕನ್ನಡ. ‘ಸಿಗಲಿ’ ಕನ್ನಡ. ‘ಹಬ್ಬ’ ಬಂದದ್ದು ‘ಪರ್ವ’ದಿಂದ, ಅದಕ್ಕೆ ಅಂಡಯ್ಯನ ಆಕ್ಷೇಪವೂ ಇರುತ್ತಿರಲಿಲ್ಲ. ಸುಖ, ಸಂತೋಷ, ಶುಭಾಶಯ ಸಂಸ್ಕೃತ. ಆದರೆ ‘ಶುಭಾಶಯ’ಕ್ಕೆ ‘ಗಳು’ ಹಚ್ಚಿದ್ದು ಕನ್ನಡ, ‘ಹಬ್ಬ’ಕ್ಕೆ ‘ದ’ ಹಚ್ಚಿದ್ದು ಕನ್ನಡ, ಪದಗಳನ್ನು ಈ ಕ್ರಮದಲ್ಲಿ ಜೋಡಿಸಿದ್ದು ಕನ್ನಡ. ನಾವು ಕಟ್ಟಿದ ಮೂರು ವಾಕ್ಯಗಳಲ್ಲೂ ಬದಲಾಗದೆ ಉಳಿದದ್ದು ಇಂಥ ಭಾಗಗಳೇ. ನಾನು, ನೀನು, ಬಾ, ಹೋಗು, ಒಂದರಿಂದ ನೂರರವರೆಗಿನ ಎಣಿಕೆ, ಅಲ್ಲಿ, ಇಂದ, ಗೆ ಎಂಬ ಪ್ರತ್ಯಯಗಳು: ಇದು ಭಾಷೆಯ ಮೂಳೆ. “ಫಾರ್ವರ್ಡ್ ಮಾಡಿದೆ” ಎಂದಾಗಲೂ ಮೂಳೆ ಕನ್ನಡದ್ದೇ.

ಮುಂದಿನ ಪಟ್ಟಿ ಬಂದಾಗ

“ಪೂರ್ವಜರು ಆಡುತ್ತಿದ್ದ” ಎಂದಿದ್ದರೆ ಯಾವ ಶತಮಾನದಲ್ಲಿ, ಯಾವ ಶಾಸನದಲ್ಲಿ ಎಂದು ಕೇಳಿ. ಉತ್ತರ ಬರದಿದ್ದರೆ ಕಳಿಸಬೇಡಿ.

ಪದದ ಮೂಲ ತಿಳಿಯಬೇಕಾದರೆ ಕಿಟೆಲ್ ನಿಘಂಟು ತೆರೆಯಿರಿ. ತದ್ಭವಗಳಿಗೆ ಅದರಲ್ಲಿ ಗುರುತು ಹಾಕಿದೆ. ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತು ಹೊರತಂದ 8 ಸಂಪುಟಗಳ ಕನ್ನಡ ನಿಘಂಟಿನಲ್ಲಿ ಪದ ಹಿಂದೆ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಉದಾಹರಣೆಗಳೂ ಸಿಗುತ್ತವೆ.

ಪಟ್ಟಿಯ ಪದ ಇಷ್ಟವಾದರೆ ಖಂಡಿತ ಬಳಸಿ. ನಲಿವು, ಅಚ್ಚರಿ, ಅರಿಮೆ ಚೆಂದದ ಪದಗಳು. ಅವನ್ನು ಬಳಸಲು ‘ಸಂತೋಷ’ ಎಂದವರನ್ನು ತಿದ್ದಬೇಕಾಗಿಲ್ಲ.

ಭಾಷೆ ಕಟ್ಟುವ ಆಸೆಯಿದ್ದರೆ ಅದನ್ನೂ ಮಾಡಿ. ಕವಲು ಆರಿಸಿ, ನಿಯಮ ಬರೆದುಕೊಳ್ಳಿ, ಮೇಲೆ “ಇದು ನಾನು ಕಟ್ಟಿದ್ದು” ಎಂದು ಹಾಕಿ. ಅಂಡಯ್ಯನೂ ತನ್ನ ಕಾವ್ಯವನ್ನು ತನ್ನದೆಂದೇ ಕೊಟ್ಟ, ಯಾರೋ ಪೂರ್ವಜರ ತಲೆಗೆ ಕಟ್ಟಲಿಲ್ಲ.

ಇದನ್ನೆಲ್ಲ ದೊಡ್ಡಮ್ಮನಿಗೆ ಫೋನಿನಲ್ಲಿ ಹೇಳಿದೆ. ‘ಹೊತ್ತಗೆ’ಯ ಕಥೆ ಕೇಳಿ ಜೋರಾಗಿ ನಕ್ಕರು. “ಹಾಗಾದ್ರೆ ಅವನಿಗೂ ಇದನ್ನ ಕಳ್ಸೇ” ಎಂದರು. ಕಳಿಸಿದ್ದೇನೆ.